ಗುಂಡಿ ಬಿಡುವ ಹೊತ್ತು

ನಮ್ಮ ಚಿಕ್ಕಮ್ಮನಿಗೆ ಹೆದರಿಕೆ ಅನ್ನುವುದೇ ಇಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಮೆಟ್ಟಿಲ ಕೆಳಗಿನ ಬಚ್ಚಲಿನಷ್ಟು ಅಂಗಡಿಯಲ್ಲಿ ಕೂತು, ಸತ್ತೇ ಹೋಯಿತೆಂದು ಎಲ್ಲರೂ ಕೈಬಿಟ್ಟ ಫೋನುಗಳನ್ನು, ಮ್ಯೂಸಿಕ್ ಪ್ಲೇಯರುಗಳನ್ನು ಎಬ್ಬಿಸಿ ಕೂರಿಸುತ್ತಿದ್ದಳು. ಗಿರಾಕಿಗಳು ಗೋಳಾಡಿದರೆ, "ಅಳೋದಾದ್ರೆ ಹೊರಗೆ ಹೋಗಿ ಅಳಿ, ಇಲ್ಲಿ ಸಾಮಾನು ಒದ್ದೆ ಆಗುತ್ತೆ" ಎನ್ನುವ ಬಾಯಿ ಅವಳದು.

ಆ ಕಾಲದ ಪ್ಲೇಯರು ನಡುವೆಯೇ ಹೆಪ್ಪುಗಟ್ಟಿ ನಿಂತರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಸರಿಯಾದ ಹೊತ್ತಿಗೆ ಬಿಡಬೇಕಿತ್ತು. ಆಗ ರಿಕವರಿ ಮೋಡ್ ತೆರೆದುಕೊಂಡು, ಒಳಗಿರುವ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು. ಬೇಗ ಬಿಟ್ಟರೆ ಏನೂ ಆಗುವುದಿಲ್ಲ. ತಡವಾದರೆ ಮಾತ್ರ ಯಂತ್ರ ಎಲ್ಲವನ್ನೂ ಅಳಿಸಿಕೊಂಡು ಹೊಸದಾಗಿ ಕೂತುಬಿಡುತ್ತದೆ. ಇದಕ್ಕೆ ಚಿಕ್ಕಮ್ಮ ಗಡಿಯಾರ ನೋಡಿದವಳೇ ಅಲ್ಲ. ತನ್ನ ಅಕ್ಕ, ಅಂದರೆ ನನ್ನ ಅಮ್ಮ, ಹಾಡುತ್ತಿದ್ದ ಜೋಗುಳದ ಒಂದು ಸಾಲನ್ನು ಗುನುಗುತ್ತಿದ್ದಳು. ಸಾಲು ಮುಗಿದೊಡನೆ ಬೆರಳು ಎತ್ತುತ್ತಿದ್ದಳು.

ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿ ಹೋಯಿತು. ಅವಳು ಹಾಡಿದ್ದೆಲ್ಲ ಚಿಕ್ಕಮ್ಮ ರೆಕಾರ್ಡ್ ಮಾಡಿಟ್ಟ ಒಂದೇ ಪ್ಲೇಯರಿನಲ್ಲಿತ್ತು. ಅಮ್ಮ ಅಡುಗೆಮನೆಯಲ್ಲೇ ಹಾಡುತ್ತಿರುವಾಗ ನಕಲು ಯಾರಿಗೆ ಬೇಕಿತ್ತು? ಈಗ ಅದೂ ಹೆಪ್ಪುಗಟ್ಟಿ ನಿಂತಿತ್ತು.

ಅಮ್ಮ, ನಾನು ಅಂಗಡಿಯಲ್ಲಿ ಕೂತು ನೋಡುತ್ತಿದ್ದ ಹಾಗೆ ಚಿಕ್ಕಮ್ಮ ಅದನ್ನು ಕಿವಿಗೆ ಹಿಡಿದಳು. ಒಳಗಿನ ಡಿಸ್ಕು ಟಕ್ ಟಕ್ ಎನ್ನುತ್ತಿತ್ತು.

"ಇದು ಇನ್ನೊಂದ್ಸಲ ಎದ್ರೆ ಹೆಚ್ಚು. ತಪ್ಪಿದ್ರೆ ಮುಗೀತು," ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಗುಂಡಿಗಳ ಮೇಲೆ ಬೆರಳಿಟ್ಟಳು, ತೆಗೆದಳು. ಮತ್ತೆ ಇಟ್ಟಳು. ಗುನುಗಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ.

"ಅಕ್ಕಾ, ಸಾಲೇ ಮರೆತೋಯ್ತು ಕಣೇ. ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗ್ತಿಲ್ಲ." ನನ್ನತ್ತ ತಿರುಗಿ, "ಏ, ನೀನಾದ್ರೂ ಹೇಳು!" ಎಂದು ರೇಗಿದಳು.

ತೊಟ್ಟಿಲಿನಿಂದ ಕೇಳಿದ ಹಾಡು. ಆದರೂ ಭಯಕ್ಕೆ ನನ್ನ ತಲೆ ಬರಿದಾಗಿತ್ತು.

ಅಮ್ಮ ಎದ್ದು ತಂಗಿಯ ಹಿಂದೆ ನಿಂತಳು. ಬೆನ್ನ ಮೇಲೆ ಕೈಯಿಟ್ಟು, ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ತಟ್ಟತೊಡಗಿದಳು. ಚಿಕ್ಕಮ್ಮ ಉಸಿರು ಬಿಗಿಹಿಡಿದು ಗುಂಡಿಗಳನ್ನು ಒತ್ತಿದಳು. ಪರದೆ ಕಪ್ಪಾಯಿತು. ಡಿಸ್ಕು ಮತ್ತೆ ಟಕ್ ಎಂದಿತು. "ಬಿಡು, ಬಿಡು" ಎಂದು ಕೂಗುವ ಹಾಗಾಗಿ ನಾನು ಬಾಯಿ ಮುಚ್ಚಿಕೊಂಡೆ. ಅಮ್ಮ ಮಾತ್ರ ಆತುರವೇ ಇಲ್ಲದೆ ತಟ್ಟುತ್ತಲೇ ಇದ್ದಳು.

ಕೈ ನಿಂತಿತು. ಚಿಕ್ಕಮ್ಮ ಬೆರಳು ಎತ್ತಿದಳು.

ಏನೂ ಇಲ್ಲ. ಅಮ್ಮನ ಕೈ ತಂಗಿಯ ಬೆನ್ನ ಮೇಲೆ ಹಾಗೇ ಇತ್ತು. ಆಮೇಲೆ ಕಂಪ್ಯೂಟರಿನಲ್ಲಿ ಹಾಡುಗಳು ಒಂದೊಂದಾಗಿ ಕಾಣಿಸತೊಡಗಿದವು. ಅಷ್ಟನ್ನೂ ಇಳಿಸಿಕೊಂಡು ಮುಗಿಯುವವರೆಗೆ ನಾವು ಯಾರೂ ಕದಲಲಿಲ್ಲ.

ಚಿಕ್ಕಮ್ಮ ಮೊದಲನೆಯದನ್ನು ಹಾಕಿದಳು. ಅಂಗಡಿಯ ತುಂಬ ಅಮ್ಮನ ದನಿ. ಅಮ್ಮ ಕಣ್ಣು ಮುಚ್ಚಿ ಕೇಳುತ್ತಾ, ಮುಂದಿದ್ದ ಬೆನ್ನನ್ನು ಮತ್ತೆ ತಟ್ಟಲು ಶುರುಮಾಡಿದಳು.

ಒಂದು ಸಾಲು ಮುಗಿಯುವಷ್ಟರಲ್ಲಿ ಚಿಕ್ಕಮ್ಮ ಎದ್ದಳು. ನಮ್ಮ ಮುಖ ನೋಡದೆ, ಅಳಲು ಹೊರಗೆ ಹೋದಳು.