ಅಳತೆ ಪಟ್ಟಿಗೆ ಇಟ್ಟ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ಈಳಿಗೆಮಣೆ, ಮಿಕ್ಸಿ, ಸ್ಕೂಟರ್ ಎಲ್ಲ ತೊಳೆದು ಬೊಟ್ಟಿಟ್ಟೆ. ಸೊಸೆಯ ಮೇಜಿನ ಮೇಲೆ ಸಣ್ಣ ಪೆಟ್ಟಿಗೆಯೊಂದಿತ್ತು. ಕವರ್ ಬಿಚ್ಚಿದರೆ ತೆಳ್ಳನೆಯ ಉಕ್ಕಿನ ಪಟ್ಟಿಗಳು. ಅವಳು ದುಡಿಯುವ ಆಯುಧವಲ್ಲವೇ ಎಂದು ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ಮಂಗಳಾರತಿಯಾದ ಮೇಲೆ ಸೆರಗಿನಿಂದ ಒರೆಸಿ ಒಳಗಿಟ್ಟೆ.

"ಕಂಡಿದ್ಕೆಲ್ಲಾ ಹಚ್ತೀಯಲ್ಲೇ, ನಾನೂ ಅಲ್ಲಾಡ್ದೆ ಕೂತಿದ್ರೆ ನಂಗೂ ಒಂದ್ ಬೊಟ್ಟು ಮಡಗ್ಬುಡ್ತಿದ್ದೆ" ಎಂದರು ಯಜಮಾನರು.

ಸೊಸೆ ಅರಕಲಗೂಡಿನ ಹುಡುಗಿ. ಹಾಸನದಲ್ಲೇ ಒಂದು ಚಿಕ್ಕ ಕಾರ್ಖಾನೆಯಲ್ಲಿ ಉಪಗ್ರಹಗಳಿಗೆ ಅಯಾನ್ ಎಂಜಿನ್ ಮಾಡುವ ಕೆಲಸ. ಅನಿಲಕ್ಕೆ ವಿದ್ಯುತ್ ಕೊಟ್ಟು ಚಿಮ್ಮಿಸಿದರೆ ಉಪಗ್ರಹ ತುಸುತುಸುವೇ ಸರಿಯುತ್ತದಂತೆ. ಆ ನೂಕು ಅಂಗೈ ಮೇಲೆ ಕಾಗದ ಇಟ್ಟಷ್ಟೇ. ಆದರೆ ತಿಂಗಳುಗಟ್ಟಲೆ ನಿಲ್ಲಬಾರದು. ಗಾಳಿ ತೆಗೆದ ಉಕ್ಕಿನ ತೊಟ್ಟಿಯಲ್ಲಿ ಹಾಗೆ ಓಡಿಸಿ ತೋರಿಸಿದರೇ ಉಪಗ್ರಹದವರು ಒಪ್ಪುವುದು. ಹಿಂದಿನ ಸಲ ಅರ್ಧಕ್ಕೇ ನಿಂತಿತ್ತು. ಈ ಸಲವೂ ನಿಂತರೆ ಎಂಜಿನ್ ಕೆಲಸವನ್ನೇ ಕೈಬಿಡುತ್ತೇವೆ ಎಂದಿದ್ದರು ಮಾಲೀಕರು.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ: "ಓದ್ಸಲ ಯಾಕವ್ವಾ ನಿಂತೋಯ್ತು?"

"ಒಳಗೆ ಜರಡಿ ಥರ ಎರಡು ತಟ್ಟೆ ಅವೆ ಅತ್ತೆ. ಮಧ್ಯ ಒಂಚೂರೇ ಸಂದು. ಅಲ್ಲಿ ಒಂದು ಪುಡಿ ಕೂತ್ಕೊಂಡು ಶಾರ್ಟ್ ಆಗೋಯ್ತು. ಆ ಸಂದು ಅಳೆಯೋ ಪಟ್ಟಿನೇ ಬೆಂಗಳೂರಲ್ಲಿ ತಪಾಸಣೆ ಮಾಡ್ಸಿ ತಂದಿರೋದು. ನಾಡಿದ್ದು ತೊಟ್ಟಿ ಮುಚ್ತೀವಿ."

ಬೆಳಿಗ್ಗೆ ನಾನು ಬೊಟ್ಟಿಟ್ಟದ್ದು ಆ ಪಟ್ಟಿಗಳಿಗೇ. ಒರೆಸಿದ್ದೀನಲ್ಲ, ದೇವರ ಕುಂಕುಮ ಏನು ಕೆಡಿಸೀತು ಎಂದಿತು ಮನಸ್ಸು. ನನ್ನ ತವರು ಹೊಳೆನರಸೀಪುರ. ಅಲ್ಲಿನ ನರಸಿಂಹಸ್ವಾಮಿಯೇ ಬಾಯಿ ಬಿಡಿಸಿದ. ಎಲ್ಲ ಹೇಳಿದೆ.

ಅವಳು ಕೈ ತೊಳೆದು ಬಂದು ಪೆಟ್ಟಿಗೆ ತೆರೆದಳು. ಒಂದು ಪಟ್ಟಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕೆಂಪು.

"ಬೈದ್ಬುಡವ್ವಾ" ಎಂದೆ.

"ಬಯ್ಯಕ್ಕೆ ಟೈಮಿಲ್ಲ ಕಣತ್ತೆ. ಎಂಜಿನ್ ಒಳಕ್ಕೆ ಓಗೋಕೆ ಮುಂಚೆ ಏಳಿದ್ರಲ್ಲ, ಸಾಕು."

ಪಟ್ಟಿಗಳನ್ನು ತೊಳೆಸಿ, ಮತ್ತೆ ಬೆಂಗಳೂರಿಗೆ ಒಯ್ದು ತಪಾಸಣೆ ಮಾಡಿಸಿದಳು. ಬರುವಾಗ ಚನ್ನರಾಯಪಟ್ಟಣದಿಂದಲೇ ಫೋನು: "ಸರಿಯಾಗವೆ ಅತ್ತೆ. ಮನೆಗ್ ತರಲ್ಲ, ಸೀದಾ ಫ್ಯಾಕ್ಟ್ರಿಗೇ." ವಾರ ತಡವಾದದ್ದಕ್ಕೆ ಕಾರಣ ಬರೆದುಕೊಡಬೇಕಿತ್ತಂತೆ. 'ಮನೆಯಲ್ಲಿ ಪೂಜೆ ಮಾಡಿದರು' ಎಂದು ಇದ್ದದ್ದನ್ನೇ ಬರೆದಳು. ಓದಿದವರು ನಕ್ಕರಂತೆ, ಅದೂ ಒಂದು ಪುಣ್ಯ.

ತೊಟ್ಟಿ ಮುಚ್ಚಿ ಎಂಜಿನ್ ಓಡಿಸತೊಡಗಿದರು. ನಾನು ಹರಕೆ ಹೊರಲಿಲ್ಲ. ಅವಳ ಪಾಳಿ ಯಾವ ಹೊತ್ತಿಗಿದ್ದರೂ ಬಿಸಿ ಊಟ ತಪ್ಪಬಾರದು ಎಂದು ಹಟ ಹಿಡಿದೆ. ನನಗೆ ಜ್ವರ ಬಂದ ದಿನವೂ ಅವಳ ಡಬ್ಬಿ ಖಾಲಿ ಹೋಗಲಿಲ್ಲ. ಕರೆಂಟು ಹೋದಾಗಲೆಲ್ಲ ಎಂಜಿನ್ ನಿಂತಿತೇನೋ ಎಂದು ಫೋನಿಗೆ ಕೈ ಹಾಕುತ್ತಿದ್ದೆ. ಅಲ್ಲಿ ಜನರೇಟರ್ ಇದೆ ಎಂದು ನೆನಪಾದ ಮೇಲೆ ಉಸಿರು.

ಬೇಸಿಗೆಯ ಒಂದು ಮಧ್ಯಾಹ್ನ ಅವಳು ಹೊತ್ತಿಗೆ ಮುಂಚೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನಿಂತೋಯ್ತೇನವ್ವಾ?"

"ಇಲ್ಲ ಅತ್ತೆ. ಲೆಕ್ಕದಷ್ಟು ಓಡ್ತು. ನಾವೇ ನಿಲ್ಲಿಸ್ದೋ."