ಮನೆಗೆ ಬರುವ ದಾರಿ ಹೇಳಿದ ದನಿ

ಮೇಘನಾ, ನಿನ್ನ ಅಮ್ಮನ ದನಿಯನ್ನು ಅಳಿಸಿದ್ದು ಯಾವ ಕಂಪನಿಯೂ ಅಲ್ಲ. ನಾನು. ಏಳನೇ ತರಗತಿಯಲ್ಲಿ ನಿನಗೆ ಸಮಾಜ ವಿಜ್ಞಾನ ಕಲಿಸಿದ, ನೀನು ಈಗಲೂ ಕಾರಿಡಾರಿನಲ್ಲಿ ಕಂಡರೆ ಓಡಿಬಂದು ಮಾತಾಡಿಸುವ ಲವೀನಾ ಮ್ಯಾಮ್.

ಅಳಿಸಿದ್ದಷ್ಟೇ ಆಗಿದ್ದರೆ ಅವಸರದಲ್ಲಿ ಆದದ್ದು ಎಂದುಕೊಂಡು ನಾನು ಇಷ್ಟು ಹೊತ್ತಿಗೆ ನಿದ್ದೆ ಮಾಡುತ್ತಿದ್ದೆನೇನೋ. ಆದರೆ ಅದನ್ನು ಮರಳಿ ತರಲು ನನಗೆ ದಿನಗಳಿದ್ದವು. ಒಂದೆರಡಲ್ಲ, ಬೇಕಾದಷ್ಟು. ನಾನು ತರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಮೊದಲಿನಿಂದ ಹೇಳಿದರೆ ಮಾತ್ರ ನನಗೆ ತಪ್ಪಿಸಿಕೊಳ್ಳುವ ಸಂದುಗಳು ಮುಚ್ಚುತ್ತವೆ.

ಆಗ ನನಗೆ ಶಾಲೆಯಲ್ಲಿ ಒಂದು ಹೆಸರಿತ್ತು. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಸಾಧನಗಳನ್ನೆಲ್ಲ ಹುಡುಕಿ ತಂದು ತರಗತಿಯಲ್ಲಿ ಬಳಸುವವಳು ಎಂದು. ಬಿಟ್ಟಿ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಎನ್ನುತ್ತಾರಲ್ಲ, ಹಾಗೆ ಸಿಕ್ಕಿದ ಸೈಟಿಗೆಲ್ಲ ನನ್ನ ಇಮೇಲ್ ಕೊಟ್ಟು ಖಾತೆ ತೆರೆಯುತ್ತಿದ್ದೆ. ರಸಪ್ರಶ್ನೆಗೊಂದು, ಚಿತ್ರಕ್ಕೊಂದು, ನಕ್ಷೆಗೊಂದು. ಬೇರೆ ಶಿಕ್ಷಕಿಯರಿಗೆ ತರಬೇತಿ ಕೊಡಲು ನನ್ನನ್ನೇ ನಿಲ್ಲಿಸುತ್ತಿದ್ದರು. ಉಡುಪಿಯ ಹತ್ತಿರದ ಕನ್ನಡ ಶಾಲೆಯಲ್ಲಿ ಓದಿದವಳು ಮಸ್ಕತ್ತಿನಲ್ಲಿ ಇಂಗ್ಲಿಷಿನಲ್ಲಿ ತರಬೇತಿ ಕೊಡುವುದು — ನನಗೆ ಅದು ತಲೆಗೇರಿತ್ತು. ಏರಿದ್ದು ಆಗ ಗೊತ್ತಾಗಲಿಲ್ಲ.

ನಿಮ್ಮ ಪ್ರಾಜೆಕ್ಟ್ ನೆನಪಿದೆಯಲ್ಲ? ಪ್ರತಿಯೊಬ್ಬರೂ ಶಾಲೆಯ ಬಸ್ಸು ಇಳಿಯುವ ಜಾಗದಿಂದ ಮನೆಯವರೆಗಿನ ದಾರಿಯನ್ನು ಆನ್‌ಲೈನ್ ನಕ್ಷೆಯ ಮೇಲೆ ಗುರುತಿಸಬೇಕು. ಮನೆಯ ಹಿರಿಯರೊಬ್ಬರು ಆ ದಾರಿಯನ್ನು ತಮ್ಮ ಮನೆಮಾತಿನಲ್ಲೇ ಹೇಳಬೇಕು. ಅದನ್ನು ರೆಕಾರ್ಡ್ ಮಾಡಿ ನಕ್ಷೆಗೆ ಸೇರಿಸಬೇಕು. ಮೂವತ್ತೆರಡು ಮಕ್ಕಳು, ಒಂದೇ ನಕ್ಷೆ. ಮಲಯಾಳ, ತಮಿಳು, ತುಳು, ಉರ್ದು, ಎಲ್ಲ ದನಿಗಳೂ ಇದ್ದವು.

ನೀನು ಸಂಕೋಚದಿಂದ ಬಂದು, "ಮ್ಯಾಮ್, ಅಪ್ಪನ ಫೋನ್ ಫುಲ್ ಆಗಿದೆ. ಅಪ್‌ಲೋಡ್ ಆದ್ಮೇಲೆ ಡಿಲೀಟ್ ಮಾಡ್ಲಾ?" ಎಂದು ಕೇಳಿದೆ.

"ಮಾಡು ಮಾರಾಯ್ತಿ. ಇಲ್ಲಿ ಹಾಕಿದ್ದು ಎಲ್ಲಿಗೂ ಹೋಗುದಿಲ್ಲ. ನಾನಿದ್ದೇನಲ್ಲ," ಎಂದೆ.

ಈ ಮಾತನ್ನು ನೀನು ಮರೆತಿರಬಹುದು. ನಾನು ಮರೆತಿಲ್ಲ.

ಅಂಕ ಹಾಕಲು ಎಲ್ಲ ದನಿಗಳನ್ನೂ ಕೇಳಿದೆ. ನಿನ್ನ ಅಮ್ಮನದನ್ನು ಮಾತ್ರ ಮತ್ತೆ ಮತ್ತೆ ಕೇಳಿದೆ. ಮೈಸೂರಿನ ಕಡೆಯ ಆ ಕನ್ನಡ, ನಗು ತಡೆದುಕೊಂಡು ಹೇಳುತ್ತಿದ್ದ ಆ ರೀತಿ. "ಅಯ್ಯೋ, ಇದನ್ನೂ ಹೇಳ್ಬೇಕೇನೇ? ಸರಿ ಕೇಳು. ಬಸ್ ಇಳಿದ ತಕ್ಷಣ ಓಡ್ಬೇಡ. ಟೀ ಅಂಗಡಿ ಪಕ್ಕದ ಓಣಿ ಹಿಡಿ. ಲಾಂಡ್ರಿ ದಾಟಿದ್ಮೇಲೆ ಬೇವಿನ ಮರ ಬರುತ್ತೆ, ಅಲ್ಲಿ ನೆರಳಲ್ಲಿ ನಿಂತು ನೀರು ಕುಡಿ, ಬಾಟ್ಲಿ ಹಂಗೇ ವಾಪಸ್ ತರ್ಬೇಡ. ಆಮೇಲೆ ಎಡಕ್ಕೆ. ನಮ್ಮ ಬಿಲ್ಡಿಂಗ್ ಕೆಳಗೆ ಅರಬ್ಬಿ ಅಜ್ಜಿ ಕೂತಿರ್ತಾರೆ, ಸಲಾಂ ಹೇಳು. ಖರ್ಜೂರ ಕೊಟ್ರೆ ಬೇಡ ಅನ್ಬೇಡ. ಬಾಗಿಲು ತಟ್ಟೋದೇನೂ ಬೇಡ, ನಾನು ಕಿಟಕೀಲಿ ನೋಡ್ತಾನೇ ಇರ್ತೀನಿ. ಸಾಕಾ? ಆಫ್ ಮಾಡೇ, ಒಲೆ ಮೇಲೆ ಸಾರಿದೆ."

ಪೂರ್ತಿ ಅಂಕ ಕೊಟ್ಟಿದ್ದೆ.

ಮುಂದಿನ ವರ್ಷ ನೀನು ಎಂಟಕ್ಕೆ ಹೋದೆ. ಬೇಸಿಗೆ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಶಾಲೆಗೆ ತಪಾಸಣೆಯವರು ಬಂದರು. ಅವರಿಗೆ ನನ್ನ ತರಗತಿಯನ್ನೇ ತೋರಿಸುವುದೆಂದು ಪ್ರಿನ್ಸಿಪಾಲರು ಕೊನೆ ಗಳಿಗೆಯಲ್ಲಿ ನಿರ್ಧರಿಸಿ, "ಯಲ್ಲಾ ಲವೀನಾ, ಬೇಗ ಬೇಗ, ಹತ್ತು ನಿಮಿಷದಲ್ಲಿ ನಿಮ್ಮ ಕ್ಲಾಸಿಗೆ ಬರ್ತಾರೆ," ಎಂದು ಹೇಳಿಹೋದರು. ನಾನು ಹೊಸ ನಕ್ಷೆ ತೆರೆಯಲು ಹೋದೆ. ಉಚಿತ ಖಾತೆಯಲ್ಲಿ ಮೂರೇ ನಕ್ಷೆ ಇಡಬಹುದು, ಒಂದನ್ನು ಅಳಿಸಿ ಎಂದು ಸೈಟು ಹೇಳಿತು.

ಮೂರು ಇದ್ದವು. ಒಂದು ಆ ವರ್ಷದ ಮಕ್ಕಳದು, ಅರ್ಧ ಆಗಿತ್ತು. ಒಂದು ನಿಮ್ಮದು. ಇನ್ನೊಂದು ತರಬೇತಿಗೆಂದು ನಾನೇ ಮಾಡಿದ್ದ ಮಾದರಿ — ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರಿದ್ದದ್ದು. ಅಳಿಸಬೇಕಿದ್ದದ್ದು ಅದನ್ನು. ಅದರಲ್ಲಿ ಯಾರ ದನಿಯೂ ಇರಲಿಲ್ಲ, ಯಾರ ಮನೆಯೂ ಇರಲಿಲ್ಲ. ಆದರೆ ಅದು ನನ್ನದು.

ನಿಮ್ಮದನ್ನು ಅಳಿಸಿದೆ. ಮೂವತ್ತೆರಡು ದನಿಗಳನ್ನು ಒಂದೊಂದಾಗಿ ಇಳಿಸಿಕೊಳ್ಳಲು ಸಮಯವಿಲ್ಲ ಎಂದುಕೊಂಡೆ. ನಿನ್ನ ಅಮ್ಮನದನ್ನೊಂದಾದರೂ ಇಳಿಸಿಕೊಳ್ಳೋಣ ಎಂದು — ಇಲ್ಲ, ಅನಿಸಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಏನೂ ಅನಿಸಲಿಲ್ಲ. ತಪಾಸಣೆಯವರು ಬಂದರು, ಮೆಚ್ಚಿದರು, ಹೋದರು.

ಹತ್ತು ದಿನ ಕಳೆದ ಮೇಲೆ ನೀನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. "ಮ್ಯಾಮ್, ಲಾಸ್ಟ್ ಇಯರ್ ಮ್ಯಾಪ್ ಲಿಂಕ್ ಓಪನ್ ಆಗ್ತಿಲ್ಲ."

ಸುತ್ತ ನಾಲ್ಕು ಜನ ಶಿಕ್ಷಕಿಯರು ಕೂತಿದ್ದರು. ಹಿಂದಿನ ವಾರವಷ್ಟೇ ಅವರಿಗೆ, ಮಕ್ಕಳ ಕೆಲಸ ಯಾವತ್ತೂ ಕಳೆದುಹೋಗಬಾರದು ಎಂದು ಪಾಠ ಹೇಳಿದ್ದೆ.

"ಅದು ಫ್ರೀ ಸೈಟ್ ಅಲ್ವಾ ಮೇಘನಾ, ಕಂಪನಿಯವರೇ ಹಳೆಯದನ್ನೆಲ್ಲ ತೆಗೆದುಬಿಟ್ಟಿದ್ದಾರೆ. ನಾವೇನು ಮಾಡ್ಲಿಕ್ಕೆ ಆಗ್ತದೆ?"

ಎಷ್ಟು ಸಲೀಸಾಗಿ ಬಂತು ಆ ಮಾತು. ನೀನು, "ಓಕೆ ಮ್ಯಾಮ್," ಎಂದೆ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡೆ.

ನನಗೆ ಆ ಹೊತ್ತು ನಿನ್ನ ಮನೆಯ ಸುದ್ದಿ ಏನೂ ಗೊತ್ತಿರಲಿಲ್ಲ — ಇದನ್ನೂ ಒಂದು ನೆಪವಾಗಿ ಎಷ್ಟೋ ದಿನ ಇಟ್ಟುಕೊಂಡಿದ್ದೆ. ಆದರೆ ನಾಲ್ಕೇ ದಿನದಲ್ಲಿ ಗೊತ್ತಾಯಿತು. ಪೋಷಕರ ಸಭೆಗೆ ನಿನ್ನ ಅಪ್ಪ, ಅಮ್ಮ ಇಬ್ಬರೂ ಬಂದರು. ಅಮ್ಮನ ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿತ್ತು. ಕೈಯಲ್ಲಿ ನಿನ್ನ ಪುಟ್ಟ ತಂಗಿ, ಇನ್ನೂ ವರ್ಷ ತುಂಬದವಳು. ಗಂಟಲಿನ ಗಡ್ಡೆ, ಬೇಸಿಗೆಯಲ್ಲಿ ಊರಿಗೆ ಹೋಗಿ ಆಪರೇಷನ್ ಮಾಡಿಸಿದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದದ್ದು — ಎಲ್ಲವನ್ನೂ ನಿನ್ನ ಅಪ್ಪ ಮೆಲ್ಲಗೆ ಹೇಳಿದರು.

"ಇವಳಿಗೆ ರೆಕಾರ್ಡ್ ಮಾಡಿದ್ರೆ ಆಗ್ತಾನೇ ಇರ್ಲಿಲ್ಲ ಮೇಡಂ. ವಾಟ್ಸಾಪಲ್ಲಿ ಒಂದೆರಡಿದೆ, ಅದು ಆಗ್ಲೇ ಗಂಟಲು ಕೆಟ್ಟ ಮೇಲಿಂದು. ಹಳೇ ಫೋನ್ ಕೊಟ್ಟು ಹೊಸದು ತಗೊಂಡ್ಬಿಟ್ಟೆ. ನಿಮ್ಮ ಪ್ರಾಜೆಕ್ಟಲ್ಲಿ ಇದ್ದಿದ್ದೊಂದೇ ಚೆನ್ನಾಗಿತ್ತು. ಏನಾದ್ರೂ ಮಾಡಕ್ಕಾಗುತ್ತಾ? ಚಿಕ್ಕವಳಿಗೆ ಒಂದ್ಸಲ ಕೇಳಿಸ್ಬೇಕಿತ್ತು."

"ಕಂಪನಿಯವರಿಗೆ ಬರೆದು ನೋಡ್ತೇನೆ ಸರ್," ಎಂದೆ ನಾನು.

ನಿನ್ನ ಅಮ್ಮ ಫೋನಿನಲ್ಲಿ ಏನೋ ಬರೆದು ನನ್ನ ಕಡೆ ತಿರುಗಿಸಿದರು. ಪರವಾಗಿಲ್ಲ ಬಿಡಿ ಮೇಡಂ, ನಿಮ್ಮ ಪಾಠ ಅಂದ್ರೆ ಇವಳಿಗೆ ಪ್ರಾಣ ಎಂದಿತ್ತು. ನಾನು ನಕ್ಕೆ. ನಗಲು ಬಂತು ನನಗೆ.

ಈಗ ನಿನಗೆ ಗೊತ್ತಿಲ್ಲದ ಮಾತು. ಆ ಸೈಟಿನಲ್ಲಿ ಅಳಿಸಿದ ನಕ್ಷೆ ಅಳಿಸಿದ ಕೂಡಲೇ ನಾಶವಾಗುವುದಿಲ್ಲ. ಮೂವತ್ತು ದಿನ ಅದರ ಕಸದ ಬುಟ್ಟಿಯಲ್ಲಿ ಇರುತ್ತದೆ. ಆ ಸಂಜೆ ಹಮ್ರಿಯಾದ ನನ್ನ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ನೋಡಿದೆ. ನಿಮ್ಮ ನಕ್ಷೆ ಅಲ್ಲೇ ಇತ್ತು. ಪಕ್ಕದಲ್ಲಿ, ಇನ್ನು ಹದಿನಾರು ದಿನ ಎಂದಿತ್ತು. ನನ್ನ ಮಾದರಿ ನಕ್ಷೆಯನ್ನು ತೆಗೆದು ಜಾಗ ಮಾಡಿ ನಿಮ್ಮದನ್ನು ಮೇಲೆ ತಂದು, ನಿನ್ನ ಅಮ್ಮನ ದನಿಯನ್ನು ಇಳಿಸಿಕೊಳ್ಳುವುದು. ಹತ್ತು ನಿಮಿಷದ ಕೆಲಸ.

ಯಾಕೆ ಮಾಡಲಿಲ್ಲ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟು ಬಗೆಯಲ್ಲಿ ಕೇಳಿಕೊಂಡಿದ್ದೇನೋ. ದನಿ ಸಿಕ್ಕರೆ ನಾನು ಹೇಳಿದ್ದು ಸುಳ್ಳು ಎಂದು ಗೊತ್ತಾಗುತ್ತದೆ — ಅಷ್ಟೇ. ಕಂಪನಿಯವರು ಹಿಂದಿರುಗಿಸಿದರು ಎಂದು ಇನ್ನೊಂದು ಸುಳ್ಳು ಹೇಳಿಯಾದರೂ ಕೊಡಬಹುದಿತ್ತು. ಅದೂ ಹೊಳೆದಿತ್ತು. ಆದರೆ ಯಾರು ಅಳಿಸಿದರು, ಯಾವತ್ತು ಅಳಿಸಿದರು ಎಂದು ಸೈಟು ನಕ್ಷೆಯ ಕೆಳಗೇ ಬರೆದಿಡುತ್ತದೆ. ಕಂಪ್ಯೂಟರ್ ಕಲಿಸುವ ಸರ್ ಒಮ್ಮೆ ಕುತೂಹಲಕ್ಕೆ ನೋಡಿದರೆ? ನಿನ್ನ ಅಪ್ಪ ಪ್ರಿನ್ಸಿಪಾಲರ ಹತ್ತಿರ ಹೋಗಿ ನನಗೆ ಥ್ಯಾಂಕ್ಸ್ ಹೇಳಿ, ಅವರು ವಿಚಾರಿಸಿದರೆ? ನಾಳೆ ಮಾಡೋಣ ಎಂದೆ. ನಾಡಿದ್ದು ಎಂದೆ. ದಿನಾ ತೆರೆದು ನೋಡುತ್ತಿದ್ದೆ. ಹದಿನಾಲ್ಕು, ಹನ್ನೆರಡು, ಒಂಬತ್ತು.

ಐದು ದಿನ ಉಳಿದಿದ್ದಾಗ ಶುಕ್ರವಾರ ಬಂತು. ಇಗರ್ಜಿಯಲ್ಲಿ ಪಾಪನಿವೇದನೆಗೆ ನಿಂತೆ. ಒಬ್ಬರಿಗೆ ಸುಳ್ಳು ಹೇಳಿದ್ದೇನೆ, ಅದರಿಂದ ಅವರಿಗೆ ಒಂದು ನಷ್ಟ ಆಗಿದೆ ಎಂದೆ. ಯಾರಿಗೆ, ಏನು, ಹೇಳಲಿಲ್ಲ. ಫಾದರ್ ನಮ್ಮ ಊರಿನ ಕಡೆಯವರೇ. ಕೊಂಕಣಿಯಲ್ಲಿ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎಂದೇ ಕರೆದು ಮೆತ್ತಗೆ ಕೇಳಿದರು.

"ಸರಿಮಾಡ್ಲಿಕ್ಕೆ ಆಗ್ತದಾ ಬಾಯಿ?"

"ಇಲ್ಲ ಫಾದರ್. ಮುಗಿದುಹೋಯ್ತು," ಎಂದೆ.

ಮುಗಿದಿರಲಿಲ್ಲ. ಇನ್ನೂ ಐದು ದಿನ ಇತ್ತು. ಪಾಪ ಹೇಳಿಕೊಳ್ಳಲು ಹೋದ ಜಾಗದಲ್ಲೇ ಮೊಣಕಾಲೂರಿ ಇನ್ನೊಂದು ಸುಳ್ಳು ಹೇಳಿ, ಪ್ರಾಯಶ್ಚಿತ್ತಕ್ಕೆಂದು ಫಾದರ್ ಕೊಟ್ಟ ಪ್ರಾರ್ಥನೆಗಳನ್ನು ಸರಿಯಾಗಿ ಎಣಿಸಿ ಹೇಳಿ ಮನೆಗೆ ಬಂದೆ. ಮುಂದಿನ ಗುರುವಾರ ತೆರೆದಾಗ ಬುಟ್ಟಿ ಖಾಲಿ. ಮೊದಲ ಕ್ಷಣ ನನಗೆ ಆದದ್ದು ದುಃಖ ಅಲ್ಲ ಮೇಘನಾ. ಸದ್ಯ, ಇನ್ನು ನಿರ್ಧಾರ ಮಾಡಬೇಕಾಗಿಲ್ಲ ಎಂಬ ನೆಮ್ಮದಿ. ದುಃಖ ಆಮೇಲೆ ಬಂತು. ಬಂದದ್ದು ಹೋಗಲಿಲ್ಲ.

ಆಮೇಲಿನ ನಾಲ್ಕು ವರ್ಷ ನೀನು ಆ ಕಂಪನಿಗೆ ಬರೆಯುತ್ತಲೇ ಇದ್ದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಬರೆಯುತ್ತೇನೆಂದು ಹೇಳಿ ಬರೆಯದಿದ್ದ ಪತ್ರವನ್ನು ನೀನು ಬರೆದೆ. ಮೊನ್ನೆ ಹನ್ನೆರಡನೆಯ ತರಗತಿಯ ಹುಡುಗಿಯಾಗಿ ಬಂದು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟೆ. "ಮ್ಯಾಮ್, ಪ್ರತಿ ಸಲ ಆಟೋಮ್ಯಾಟಿಕ್ ರಿಪ್ಲೈ ಬರುತ್ತೆ. ಎಕ್ಸಾಮ್ ಮುಗಿದ್ಮೇಲೆ ನಾವು ಮೈಸೂರಿಗೆ ಹೋಗ್ಬಿಡ್ತೀವಿ. ಲಾಸ್ಟ್ ಟೈಮ್ ಅಂತ ಬರೀತಿದ್ದೀನಿ. ಇಂಗ್ಲಿಷ್ ಸರಿ ಇದೆಯಾ ನೋಡ್ತೀರಾ?"

ನೋಡಿದೆ. ನಿಮ್ಮ ನಿಯಮಗಳು ನಿಮಗಿರಬಹುದು, ಆದರೆ ನೀವು ಅಳಿಸಿದ್ದು ನನ್ನ ಅಮ್ಮ ಮಾತಾಡಿದ್ದನ್ನು. ನನ್ನ ತಂಗಿ ಅಮ್ಮನ ದನಿ ಹೇಗಿತ್ತು ಎಂದು ಕೇಳುತ್ತಾಳೆ, ನಾನು ನಟಿಸಿ ತೋರಿಸುತ್ತೇನೆ, ಅದು ಸರಿಯಾಗಿ ಬರುವುದಿಲ್ಲ ಎಂದು ನೀನು ಬರೆದಿದ್ದೆ. ನಾನು ಪೆನ್ನು ತೆಗೆದುಕೊಂಡು ಒಂದು ಕಾಗುಣಿತ ತಿದ್ದಿದೆ. ಒಂದು ಅಲ್ಪವಿರಾಮ ಹಾಕಿದೆ. ಚೆನ್ನಾಗಿದೆ ಎಂದೆ. ನೀನು ನನಗೆ ಥ್ಯಾಂಕ್ಸ್ ಹೇಳಿ ಹೋದೆ.

ಅಲ್ಪವಿರಾಮ ಹಾಕಿದೆ. ನಾನು ಎಂಥವಳು ಎಂದು ನನಗೆ ಪೂರ್ತಿ ತಿಳಿದದ್ದು ಅಲ್ಲಿ. ಅಳಿಸಿದಾಗಲೂ ಅಲ್ಲ, ಬುಟ್ಟಿ ಖಾಲಿಯಾದಾಗಲೂ ಅಲ್ಲ.

ಇದನ್ನೆಲ್ಲ ಬರೆದು ನಿನ್ನ ಇಮೇಲಿಗೆ ಕಳಿಸಿಬಿಡೋಣ ಎಂದು ಕೂತವಳು ನಾನು. ಬರೆಯುತ್ತಾ ಬಂದಂತೆ, ಕಳಿಸಬಾರದು ಎನಿಸಿದೆ. ಕಳಿಸಿದರೆ ನಿನ್ನ ಮುಖ ನೋಡುವುದು ತಪ್ಪುತ್ತದೆ. ಬರೆದು ತೋರಿಸುವುದು ನಿನ್ನ ಅಮ್ಮನಿಗೆ ಬೇರೆ ದಾರಿ ಇಲ್ಲದ್ದಕ್ಕೆ. ನನಗೆ ಬಾಯಿದೆ, ದನಿ ಇದೆ. ನಾಲ್ಕು ವರ್ಷ ಅದನ್ನು ಬೇಡದ್ದಕ್ಕೆಲ್ಲ ಬಳಸಿದ್ದೇನೆ. ನೀನು ಕೂಗಾಡಬಹುದು, ಮಾತೇ ಆಡದಿರಬಹುದು. ನಿನ್ನ ಅಪ್ಪ ಶಾಲೆಗೆ ಹೇಳಬಹುದು. ಹೇಳಲಿ. ಕ್ಷಮೆ ಕೇಳುವ ಮೊದಲು, ನೆನಪಿರುವ ಆ ಮಾತುಗಳನ್ನೆಲ್ಲ ಒಂದೂ ಬಿಡದೆ ಬರೆದುಕೊಂಡಿದ್ದೇನೆ, ಅದನ್ನು ನಿನ್ನ ಕೈಗೆ ಕೊಡುತ್ತೇನೆ. ಅದು ದನಿ ಅಲ್ಲ. ದನಿಯನ್ನು ನಾನು ತರಲಾರೆ.

ಈ ಶುಕ್ರವಾರ ನನ್ನ ಮನೆಯ ಹತ್ತಿರದ ರೂವಿಯಿಂದ ಬಸ್ಸು ಹಿಡಿದು ನಿಮ್ಮ ಅಲ್ ಖೌದಿಗೆ ಬರುತ್ತೇನೆ. ವಿಳಾಸ ಕೇಳಬೇಕಾಗಿಲ್ಲ. ಟೀ ಅಂಗಡಿಯ ಪಕ್ಕದ ಓಣಿ, ಲಾಂಡ್ರಿ, ಬೇವಿನ ಮರ, ಅಲ್ಲಿಂದ ಎಡಕ್ಕೆ. ಅಜ್ಜಿ ಇನ್ನೂ ಕೂತಿದ್ದರೆ ಸಲಾಂ ಹೇಳುತ್ತೇನೆ. ಕಿಟಕಿಯಲ್ಲಿ ನಿನ್ನ ಅಮ್ಮ ಇರಬಹುದು, ನನ್ನನ್ನು ನೋಡಿ ನಗಲೂಬಹುದು. ಬಾಗಿಲು ತಟ್ಟಬೇಡ ಎಂದು ಅವರು ಹೇಳಿದ್ದು ನಿನಗೆ. ನಾನು ತಟ್ಟಿ, ತೆರೆಯುವವರೆಗೆ ಹೊರಗೆ ನಿಂತಿರುತ್ತೇನೆ.