ಕಮಿಟಿ ಬಂದ ದಿನದ ರೋಗಿ

ಕೂಡ್ಲಿಗಿಯ ಬೊಮ್ಮಮ್ಮನಿಗೆ ಆಸ್ಪತ್ರೆಯೆಂದರೆ ಜೀವ ಹಿಡಿಯಷ್ಟಾಗುತ್ತಿತ್ತು. ಗಂಡ ಹುಲುಗಣ್ಣ ಕಾಮಾಲೆಯಾಗಿ ಬಳ್ಳಾರಿಯಲ್ಲಿ ಗ್ಲೂಕೋಸ್ ಏರಿಸಿಕೊಂಡು ಮಲಗಿದವನು ಮತ್ತೆ ಎದ್ದಿರಲಿಲ್ಲ. ರೋಗ ಕೈಮೀರಿತ್ತು ಎಂದು ಎಲ್ಲರೂ ಹೇಳಿದರೂ ಅವಳ ಕಣ್ಣಲ್ಲಿ ಉಳಿದದ್ದು ತೂಗಾಡುವ ಆ ಬಾಟಲಿ ಮಾತ್ರ. ಆಮೇಲೆ ಜ್ವರ ಬರಲಿ, ಸೊಂಟ ಹಿಡಿಯಲಿ, ಕಷಾಯ ಕುಡಿದು ಕಂಬಳಿ ಹೊದ್ದು ಮಲಗುತ್ತಿದ್ದಳೇ ಹೊರತು ದವಾಖಾನೆಯ ಮೆಟ್ಟಿಲು ಹತ್ತಿದವಳಲ್ಲ. ಹುಣಸೆಯ ಕಾಲದಲ್ಲಿ ಹಣ್ಣು ಬಡಿದು ಬೀಜ ಬಿಡಿಸುವುದು, ಉಳಿದಂತೆ ಕಳೆ ತೆಗೆಯುವುದು, ಶೇಂಗಾ ಕೀಳುವುದು, ಇಷ್ಟರಲ್ಲೇ ಅವಳ ದಿನಗಳು ಸಾಗುತ್ತಿದ್ದವು. ಮಕ್ಕಳು ಓದು ಬಿಟ್ಟು ದುಡಿಯಲು ಊರು ಬಿಟ್ಟು ಹೋಗಿದ್ದರು.

ಎರಡು ಸಾವಿರದ ನಾಲ್ಕನೆಯ ಇಸವಿಯ ಬೇಸಿಗೆ. ಕೂಲಿಯಾಳು ಹೊಂದಿಸುವ ಗಾಳೆಪ್ಪ ಸಂಜೆ ಅವಳ ಮನೆಯ ಮುಂದೆ ಬಂದು ನಿಂತ.

"ಬೊಮ್ಮಕ್ಕಾ, ನಾಳೆ ಹುಣಸಿ ಕೆಲಸ ಬಿಡು. ಹರಪನಹಳ್ಳಿ ಹಾದ್ಯಾಗ ಬ್ಯಾರೆ ಕೆಲಸ ಐತಿ. ಬಿಸಲಿಲ್ಲ, ಬೆವರಿಲ್ಲ. ಸುಮ್ನ ಮಲಕೊಳ್ಳಾದು ಅಷ್ಟ."

"ಮಲಕೊಳ್ಳಾದು ಎಂಥಾ ಕೆಲಸೋ?"

"ಬಾ, ಅಲ್ಲಿಗೆ ಬಂದ ಮ್ಯಾಲ ಗೊತ್ತಾಕೈತಿ. ಊಟ ಅವರದ."

ಮರುದಿನ ಟೆಂಪೋ ತುಂಬ ಹೆಂಗಸರು, ಮುದುಕರು. ಕೊಟ್ಟೂರು ದಾಟಿ ಬಹಳ ಹೊತ್ತಿನ ಮೇಲೆ ಟೆಂಪೋ ಹೊಲಗಳ ನಡುವಿನ ಒಂದು ನರ್ಸಿಂಗ್ ಕಾಲೇಜಿನ ಮುಂದೆ ನಿಂತಿತು. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಮಾವಿನ ತೋರಣ. ಒಳಗಿನ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಮಂಚಗಳಿದ್ದವು. ಕೆಲವು ಹಾಸಿಗೆಗಳ ಮೇಲಿನ ಪ್ಲಾಸ್ಟಿಕ್ಕನ್ನು ಹುಡುಗಿಯರು ಆಗಷ್ಟೇ ಹರಿದು ತೆಗೆಯುತ್ತಿದ್ದರು. ಮಂಚದ ಪಕ್ಕದ ಕಂಬಿಗೆ ನೇತುಹಾಕಿದ್ದ ಬಾಟಲಿಗಳನ್ನು ಕಂಡದ್ದೇ ಬೊಮ್ಮಮ್ಮ ಬಾಗಿಲಿಗೆ ಹಿಂದೆ ಸರಿದಳು.

"ಗಾಳೆಪ್ಪಾ, ನಾ ಒಲ್ಲೆ. ನನ್ನ ಊರಿಗೆ ಬಿಡು."

ಅಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿಯ ಮ್ಯಾನೇಜರ್ ಸೋಮಶೇಖರ್ ಒಳಗೆ ಬಂದ. "ಕಮಿಟಿಯೋರು ಬರ್ತಾರ. ನಮ್ಮ ಕಾಲೇಜಿಗೆ ಗ್ರೇಡ್ ಕೊಡೋರು ಅವರು. ನೀವೆಲ್ಲಾ ಈ ದವಾಖಾನಿ ಪೇಷಂಟುಗಳು. ಯಾರು ಕೇಳಿದ್ರೂ ಬಂದು ಮೂರು ದಿನ ಆತು ಅನ್ರಿ. ನಗಬ್ಯಾಡ್ರಿ. ಯಾರರೆ ಬಾಯಿ ಬಿಟ್ರ, ಗಾಳೆಪ್ಪ, ಅವರಿಗೆ ಮುಂದ ಎಲ್ಲೂ ಕೆಲಸ ಸಿಗಬಾರದು ನೋಡು." ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ರೋಗ ಹೇಳಿಕೊಟ್ಟ. ಬೊಮ್ಮಮ್ಮನ ಪಾಲಿಗೆ ಗರ್ಭಕೋಶದ ಆಪರೇಷನ್ ಬಂತು.

ಅವಳು ಮಂಚದ ಅಂಚಿನಲ್ಲಿ ಮುದುಡಿಕೊಂಡು ಮಲಗಿದಳು. ಬಿಳಿ ಸಮವಸ್ತ್ರದ ತೆಳ್ಳನೆಯ ಹುಡುಗಿಯೊಬ್ಬಳು ಟ್ರೇ ಹಿಡಿದು ಹತ್ತಿರ ಬಂದಳು. ಟ್ರೇಯಲ್ಲಿದ್ದ ಸಾಮಾನು ಸಣ್ಣಗೆ ಗಲಗಲ ಎನ್ನುತ್ತಿತ್ತು.

"ಅಮ್ಮಾ, ಕೈ ಸಡ್ಲ ಬಿಡ್ರಿ."

"ನಂಗೇನೂ ಆಗಿಲ್ಲವ್ವ. ಸೂಜಿ ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ."

"ನಾನೂ ಒಲ್ಲೆ ಅಂದಿದ್ದೆ ರೀ. ಹಾಕದಿದ್ರ ಪರೀಕ್ಷಿಗೆ ಕೂಡ್ಸಲ್ಲ ಅಂದಾರ."

"ಎಷ್ಟು ಮಂದಿಗೆ ಚುಚ್ಚೀದಿ ಇಲ್ಲೀತನಕ?"

ಹುಡುಗಿ ಹಿಂದೆ ತಿರುಗಿ ನೋಡಿ ಪಿಸುಗುಟ್ಟಿದಳು: "ಮೋಸಂಬಿಗೆ ಚುಚ್ಚೀನ್ರಿ. ಮನುಷ್ಯಾರಿಗೆ ನೀವ ಮೊದಲು."

ಹೆಸರು ಅರ್ಚನಾ, ಊರು ಹಂಪಸಾಗರ. ಓದುತ್ತಿದ್ದದ್ದು ಕೊನೆಯ ವರ್ಷ. ಜಿಲ್ಲೆಗೇ ಮೊದಲ ನಂಬರಿನ ಕಾಲೇಜು ಎಂದು ಪೇಪರಿನಲ್ಲಿ ಬಂದದ್ದನ್ನು ನೋಡಿ ಅವಳ ಅಪ್ಪ ಇಲ್ಲಿಗೆ ಸೇರಿಸಿದ್ದ.

"ಮತ್ತ ನೀವು ಕಲಿಯಾಕ ದವಾಖಾನಿ ಎಲ್ಲೈತಿ?"

"ಇದ ರೀ ದವಾಖಾನಿ. ಇವತ್ತೊಂದಿನ."

ಬೊಮ್ಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದಳು. ಮೊದಲ ಸಲ ಸೂಜಿ ನರ ತಪ್ಪಿತು. ಎರಡನೆಯ ಸಲ ರಕ್ತ ಜಿನುಗಿ ಮುಂಗೈ ಊದಿಕೊಂಡಿತು. ಅರ್ಚನಾ ಬಿಕ್ಕತೊಡಗಿದಳು. "ನೀ ಅಳಬ್ಯಾಡ ನನ್ನವ್ವಾ, ನೀ ಅತ್ರ ನಾ ಇಲ್ಲೇ ಸತ್ತಹೋಗ್ತೀನಿ," ಎಂದು ಬೊಮ್ಮಮ್ಮ ಗೋಗರೆದಳು. ದೂರದಿಂದ ನೋಡಿದ ಮ್ಯಾನೇಜರ್, "ಒಳಗ ಹೋಗದಿದ್ರ ಬಿಡು, ಮ್ಯಾಲ ಅಂಟಿಸು!" ಎಂದು ಗದರಿದ. ಹುಡುಗಿ ಸೂಜಿಯಿಲ್ಲದ ನಳಿಕೆಯನ್ನು ಊದಿದ ಕೈಮೇಲಿಟ್ಟು ಪಟ್ಟಿ ಅಂಟಿಸಿದಳು. ಯಾರೋ ಬಂದು ಫೋಟೊ ಹೊಡೆದುಕೊಂಡು ಹೋದರು. ಫ್ಲ್ಯಾಶ್ ಬೆಳಕಿಗೆ ಬೊಮ್ಮಮ್ಮ ಬೆಚ್ಚಿಬಿದ್ದಳು.

ಕಮಿಟಿಯವರು ಬೇಗ ಬೇಗ ಬಂದರು. ಮುಂದಿದ್ದ ಗಂಡಸರು ಮಂಚಗಳನ್ನು ಎಣಿಸುವವರಂತೆ ನೋಡುತ್ತ ಸರಿದುಹೋದರು. ಅವರ ಹಿಂದೆ ಬಂದ, ಕನ್ನಡಕ ಹಾಕಿದ್ದ ಹೆಂಗಸೊಬ್ಬರು ಮಾತ್ರ ಬೊಮ್ಮಮ್ಮನ ಬಳಿ ನಿಂತರು.

"ಏನಮ್ಮಾ, ಏನಾಗಿದೆ ನಿಮಗೆ?"

ಹೇಳಿಕೊಟ್ಟದ್ದೆಲ್ಲ ತಲೆಯಿಂದ ಹಾರಿಹೋಯಿತು. ಅವಳ ಬಾಯಿಂದ ಹೊರಟದ್ದು ಒಂದೇ ಮಾತು: "ಕಾಮಾಲಿ."

ಆಕೆ ಮಂಚಕ್ಕೆ ತೂಗುಹಾಕಿದ್ದ ಹಾಳೆ ಓದಿದರು. ಹನಿ ಬೀಳದೆ ನಿಂತಿದ್ದ ಬಾಟಲಿ ನೋಡಿದರು. ಹುಣಸೆಯಿಂದ ಕಪ್ಪಾಗಿದ್ದ ಅಂಗೈಯನ್ನು ತಿರುಗಿಸಿ, ಊದಿಕೊಂಡ ಜಾಗವನ್ನು ಮೆಲ್ಲಗೆ ಒತ್ತಿದರು.

"ಇದನ್ನು ಹಾಕಿದ್ದು ಯಾರು?"

ಗೋಡೆಗೆ ಒರಗಿದ್ದ ಅರ್ಚನಾಳ ಮುಖದಲ್ಲಿ ರಕ್ತವಿರಲಿಲ್ಲ. ಬೊಮ್ಮಮ್ಮನಿಗೆ ಎಲ್ಲಿಂದ ಮಾತು ಬಂತೋ, "ನಾನ ಮಿಸುಗಾಡಿದೆ ರೀ. ಕೂಸಿಂದೇನೂ ತಪ್ಪಿಲ್ಲ," ಎಂದಳು.

"ಮೇಡಂ, ಊಟ ರೆಡಿ ಐತ್ರಿ, ಎಲ್ಲಾರೂ ಕಾಯಾಕ ಹತ್ಯಾರ," ಎಂದು ಸೋಮಶೇಖರ್ ನಡುವೆ ಬಂದ. ಆಕೆ ಹಿಡಿದಿದ್ದ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟರು. ಉಳಿದವರು ಹೋದ ಕಡೆಗೇ ನಡೆದುಬಿಟ್ಟರು.

ಕೈ ಬಾವು ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಸುಳ್ಳು ರೋಗಿಯೆಂದು ಪೊಲೀಸರು ಹುಡುಕಿಕೊಂಡು ಬಂದಾರೆಂದು ಬೊಮ್ಮಮ್ಮ ಓಣಿಯಲ್ಲಿ ಬೂಟಿನ ಸದ್ದಾದರೆ ಹಿತ್ತಲಿಗೆ ಓಡುತ್ತಿದ್ದಳು. ಪೊಲೀಸರು ಬರಲಿಲ್ಲ. ಬಂದದ್ದು ಪಕ್ಕದ ಮನೆಯ ದುರುಗಮ್ಮ, ಕೈಯಲ್ಲಿ ಪೇಪರು ಹಿಡಿದು.

"ಬೊಮ್ಮಕ್ಕಾ, ನೋಡ ಇಲ್ಲಿ, ನಿನ್ನ ಪಟ ಬಂದೈತಿ!"

ಕಾಲೇಜಿಗೆ ಎ ಗ್ರೇಡ್ ಬಂದಿದೆಯೆಂಬ ದೊಡ್ಡ ಜಾಹೀರಾತು. ನಡುವೆ ಮಂಚದ ಮೇಲೆ ಬೊಮ್ಮಮ್ಮ, ಪಕ್ಕದಲ್ಲಿ ಅರ್ಚನಾ. ದುರುಗಮ್ಮನ ಮಗಳು ನಾಗರತ್ನ ಪಿಯುಸಿ ಪಾಸಾಗಿದ್ದಳು. "ನನ್ನ ಮಗಳನ್ನ ಅಲ್ಲೇ ಸೇರಿಸಬೇಕಂತ ಮಾಡೀನಿ. ನೀನು ಅಲ್ಲಿ ಮಲಗಿ ಬಂದಾಕಿ. ಹೆಂಗ ನೋಡ್ಕೊಂತಾರ ಹೇಳು."

ಹೇಳಿದರೆ ಗಾಳೆಪ್ಪ ಕೆಲಸಕ್ಕೆ ಕರೆಯುವುದಿಲ್ಲ. ಹೇಳದಿದ್ದರೆ ನಾಳೆ ಈ ನಾಗರತ್ನಳೂ ನಡುಗುವ ಕೈಯಲ್ಲಿ ಯಾರದೋ ನರ ಹುಡುಕುತ್ತಾಳೆ. ಬೊಮ್ಮಮ್ಮ ಬಾಗಿಲು ಮುಂದಕ್ಕೆ ಮಾಡಿ ನಡೆದದ್ದೆಲ್ಲ ಹೇಳಿದಳು.

ದುರುಗಮ್ಮ ನಂಬಲಿಲ್ಲ. "ಓದಿದೋರು, ದೊಡ್ಡ ದೊಡ್ಡೋರು ಬಂದು ನೋಡಿ ಕೊಟ್ಟಾರ. ಪೇಪರಿನಾಗ ಸುಳ್ಳು ಬರೀತಾರೇನು? ನಿನ್ನ ಮಕ್ಕಳು ಓದಲಿಲ್ಲ ಅಂತ ಹೊಟ್ಟಿಕಿಚ್ಚು ನಿನಗ."

ಆ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು. "ಹಂಗಾರ ನಡಿ," ಎಂದಳು ಬೊಮ್ಮಮ್ಮ. "ಯಾರಿಗೂ ಹೇಳದಂಗ ಹೋಗಿ ನೋಡಾನ."

ಆಡುವಾಗ ಇದ್ದ ಧೈರ್ಯ ಬಸ್ಸಿನಲ್ಲಿ ಉಳಿಯಲಿಲ್ಲ. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗೋಣವೆಂದು ಎರಡು ಸಲ ಬಾಯಿ ತೆರೆದಳು. ಕಾಲೇಜಿನ ಅಂಗಳದಲ್ಲಿ ತೋರಣ ಒಣಗಿ ಉದುರಿತ್ತು. ಆ ಉದ್ದನೆಯ ಕೋಣೆಗೆ ಬೀಗ. ಇಬ್ಬರೂ ಕಿಟಕಿಯ ಸರಳು ಹಿಡಿದು ಇಣುಕಿದರು. ಒಳಗೆ ಒಂದೂ ಮಂಚವಿಲ್ಲ. ಯಾವ ವ್ಯಾಪಾರಿಯವೋ, ಶೇಂಗಾ ಚೀಲಗಳನ್ನು ಸೂರಿನವರೆಗೆ ಒಟ್ಟಿದ್ದರು.

"ಯಾರದು ಅಲ್ಲಿ?"

ಸೋಮಶೇಖರ್ ಬೆನ್ನ ಹಿಂದೆಯೇ ನಿಂತಿದ್ದ. ಬೊಮ್ಮಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಸೀಟು ಕೇಳಾಕ ಬಂದಿದ್ವಿ ರೀ," ಎಂದಳು ದುರುಗಮ್ಮ. "ಮತ್ತ ರೋಗಿಗಳು ಎಲ್ಲದಾರ್ರಿ?"

"ಎಲ್ಲಾರೂ ವಾಸಿಯಾಗಿ ಮನಿಗೆ ಹೋಗ್ಯಾರ." ಅವನ ಕಣ್ಣು ಬೊಮ್ಮಮ್ಮನ ಮೇಲಿತ್ತು. "ಗಾಳೆಪ್ಪನ ಕಡೇಕಿ ಅಲ್ಲೇನು ನೀನು? ಆರಾಮದಿಯಲ್ಲ? ಹುಷಾರಾಗಿರು."

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಊರಲ್ಲಿ ಬಸ್ಸಿಳಿಯುವಾಗ ದುರುಗಮ್ಮ ಬೊಮ್ಮಮ್ಮನ ತೋಳು ಹಿಡಿದುಕೊಂಡು, "ನನ್ನ ಬಾಯಿಗೆ ಮಣ್ಣು ಹಾಕ. ಏನೇನೋ ಅಂದೆ," ಎಂದಳು. ನಾಗರತ್ನ ಕೊಟ್ಟೂರಿನ ಡಿಗ್ರಿ ಕಾಲೇಜಿಗೆ ಸೇರಿದಳು. ಗಾಳೆಪ್ಪ ಆ ವರ್ಷವಿಡೀ ಬೊಮ್ಮಮ್ಮನ ಮನೆಯ ಕಡೆ ತಲೆ ಹಾಕಲಿಲ್ಲ. ದುರುಗಮ್ಮನೇ ತನ್ನ ಜೊತೆ ಅವಳನ್ನು ಬೇರೆ ಮೇಸ್ತ್ರಿಯ ಹತ್ತಿರ ಕರೆದೊಯ್ದು ಕೆಲಸ ಕೊಡಿಸಿದಳು. ಅರ್ಚನಾ ಏನಾದಳೋ ತಿಳಿಯಲಿಲ್ಲ. ಕಾಲೇಜು ನಡೆಯುತ್ತಲೇ ಇತ್ತು.

ಆದರೆ ದುರುಗಮ್ಮ ಸುಮ್ಮನಿರುವ ಹೆಂಗಸಲ್ಲ. ಅವಳಿಂದ ಮಾತು ಹಬ್ಬಿ, ಮುಂದಿನ ಬೇಸಿಗೆಯಲ್ಲಿ ಮಗಳನ್ನು ಆ ಕಾಲೇಜಿಗೆ ಸೇರಿಸಹೊರಟಿದ್ದ ಹಡಗಲಿ ಕಡೆಯ ಒಬ್ಬ ತಂದೆ ಬೊಮ್ಮಮ್ಮನ ಮನೆ ಹುಡುಕಿಕೊಂಡು ಬಂದ. ಪೇಪರಿನ ಪಟದಲ್ಲಿದ್ದವರು ನೀವೇ ತಾನೇ ಎಂದು ಕೇಳಿದ. "ನಾನಲ್ಲ ರೀ. ನಾ ಓದಿದಾಕಿ ಅಲ್ಲ, ನನ್ನೇನು ಕೇಳ್ತೀರಿ," ಎಂದು ಬೊಮ್ಮಮ್ಮ ಬಾಗಿಲು ಎಳೆದುಕೊಳ್ಳಹೋದಳು. ಆಗ ಅವನ ಹಿಂದೆ ದುಪ್ಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದ ಮಗಳು ಕಂಡಳು. ಬೊಮ್ಮಮ್ಮ ಓಣಿಯ ಎರಡೂ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಒಳಗ ಬರ್ರಿ," ಎಂದಳು. "ಬಾಗಿಲು ಹಾಕ್ಕೊಂಡು ಬರ್ರಿ."